ನಲವತ್ತೆಂಟು ನಿಮಿಷದ ಮೌನ

ಸೋಮವಾರ ಬೆಳಿಗ್ಗೆ ಅಶ್ಮಿತಾ ಶಕ್ತಿನಗರದಲ್ಲಿರುವ ಲಿಗೋರಿಯ ಮನೆಗೆ ಬಂದವಳೇ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. ಅವನ ಚಹಾ ತುಳುಕಿತು.

"ಇವಾನ್ ನನ್ನನ್ನು ಕೆಲಸದಿಂದ ತೆಗೆದ, ಅಂಕಲ್. ರೆಕಾರ್ಡರ್ ಹಿಡಿಯಲಿಕ್ಕೆ ಬಾರದವಳಂತೆ ನಾನು! ಆಂಟಿಯನ್ನು ಕರೆಯಿರಿ."

ಲಿಗೋರಿಯ ಹೆಂಡತಿ ಮಾರ್ಸೆಲಿನ್ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿ ನಿವೃತ್ತಳಾದವಳು. ಸುತ್ತಮುತ್ತ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಅವಳು ಹೋದಲ್ಲೆಲ್ಲ ಲಿಗೋರಿಯೂ ಹೋಗುತ್ತಿದ್ದ. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಅವಳ ಪಾಲಿನ ಸಿಟ್ಟನ್ನೂ ತಾನೇ ಮಾಡಬೇಕೆಂದು ಅವನು ನಂಬಿದ್ದ.

"ಎಂತ ಆಯ್ತು? ಮೊದಲಿಂದ ಹೇಳು," ಎಂದಳು ಮಾರ್ಸೆಲಿನ್.

ಅಶ್ಮಿತಾ ಹೇಳಿದಳು. ಕೂಳೂರಿನ ಮೀನು ಪುಡಿ ಕಾರ್ಖಾನೆಯ ಟ್ಯಾಂಕ್ ತೊಳೆಯಲು ಇಳಿದ ಕೆಲಸಗಾರನೊಬ್ಬ ಒಳಗಿನ ಗ್ಯಾಸಿಗೆ ಸತ್ತಿದ್ದ. ಕುಡಿದು ಬಿದ್ದನೆಂದು ಕಂಪೆನಿ ಬರೆದುಕೊಟ್ಟಿತ್ತು. ಅವನ ಹೆಂಡತಿ ಜೆಸ್ಸಿ ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಸಾಕ್ಷ್ಯಚಿತ್ರ ಮಾಡುವ ಇವಾನ್ ಅವಳನ್ನು ಕಾಡಿಬೇಡಿ ಶನಿವಾರ ಸಂಜೆ ಕ್ಯಾಮೆರಾ ಮುಂದೆ ಕೂರಿಸಿದ್ದ. ಚಿತ್ರ ತೆಗೆದವನು ಶೋಭಿತ್, ಧ್ವನಿ ಅಶ್ಮಿತಾಳದು. ಸಾವಿನ ಬಗ್ಗೆ ಬುಧವಾರ ನಡೆಯುವ ಸರಕಾರಿ ವಿಚಾರಣೆಯಲ್ಲಿ ಅದನ್ನು ತೋರಿಸಬೇಕಿತ್ತು.

"ಕಾಲರಿಗೆ ಮೈಕ್ ನಾನೇ ಸಿಕ್ಕಿಸಿದ್ದು. ಹೆಡ್‌ಫೋನಲ್ಲಿ ಜೆಸ್ಸಿ ಅಕ್ಕನ ಉಸಿರು ಸಹ ಕೇಳಿದ್ದೆ. ಕೆಂಪು ದೀಪ ಮಿನುಗದೆ ಉರಿಯುತ್ತಿತ್ತು, ಅಂದ್ರೆ ರೆಕಾರ್ಡ್ ಆಗ್ತಾ ಉಂಟು ಅಂತ. ನಿನ್ನೆ ತೆಗೆದು ನೋಡಿದ್ರೆ ನಲವತ್ತೆಂಟು ನಿಮಿಷವೂ ಮೌನ! ಧ್ವನಿ ಹಿಡಿಯುವ ಲೆವೆಲ್ ಸೊನ್ನೆಯಲ್ಲಿ ಇಟ್ಟಿದ್ದೆ ಅಂತಾರೆ. ಜೆಸ್ಸಿ ಅಕ್ಕ ಇನ್ನೊಮ್ಮೆ ಹೇಳುವುದಿಲ್ಲವಂತೆ."

"ಕ್ಯಾಮೆರಾದಲ್ಲಿ ಧ್ವನಿ ಇಲ್ವಾ?" ಎಂದು ಮಾರ್ಸೆಲಿನ್ ಕೇಳಿದಳು.

"ಉಂಟು. ಆದ್ರೆ ಅವರ ಮನೆ ಕೂಳೂರು ಸೇತುವೆಯ ಬುಡದಲ್ಲೇ. ಅದರಲ್ಲಿ ಬರೀ ಲಾರಿಗಳದ್ದೇ ಗಲಾಟೆ, ಮಾತು ತಿಳಿಯುವುದಿಲ್ಲ."

"ರೆಕಾರ್ಡರ್ ಚೀಲ ಆಮೇಲೆ ಎಲ್ಲಿತ್ತು?"

"ಶನಿವಾರ ಶೋಭಿತ್ ಕಾರಲ್ಲಿ ಬಜಪೆಗೆ, ಅವನ ಮನೆಗೆ. ನಿನ್ನೆ ಇವಾನ್ ಬೈಕಿನಿಂದ ಇಳಿಯದೆ ಗೇಟಲ್ಲೇ ತೆಗೆದುಕೊಂಡ, ನಾನೂ ಹಿಂದೆ ಕೂತಿದ್ದೆ. ಅಲ್ಲಿಂದ ಕಂಕನಾಡಿಯ ಆಫೀಸಿಗೆ."

ಮಾರ್ಸೆಲಿನ್ ರೆಕಾರ್ಡರ್ ತೆಗೆದಳು. ಬ್ಯಾಟರಿ ನೋಡಿದಳು, ಮೈಕಿನ ವೈರನ್ನು ಬಗ್ಗಿಸಿ ಅಲುಗಿಸಿದಳು, ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿದಳು. ಎಲ್ಲವೂ ಸರಿಯಾಗಿತ್ತು. ಪರದೆಯ ಮೂಲೆಯ ಗಡಿಯಾರ ಮಾತ್ರ ಗೋಡೆಯದಕ್ಕಿಂತ ಹನ್ನೆರಡು ನಿಮಿಷ ಹಿಂದಿತ್ತು.

"ಶನಿವಾರ ಮೊಬೈಲ್ ನೋಡಿ ಸರಿ ಮಾಡಿದ್ದೆ," ಎಂದಳು ಅಶ್ಮಿತಾ.

ಮಾರ್ಸೆಲಿನ್ ಆ ಮೌನದ ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿ, ಧ್ವನಿಯನ್ನು ಆದಷ್ಟು ಏರಿಸಿ, ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೂತಳು. ಆಮೇಲೆ ಅದನ್ನು ಲಿಗೋರಿಯ ತಲೆಗೆ ಸಿಕ್ಕಿಸಿದಳು. ಅವನಿಗೆ ಕೇಳಿಸಿದ್ದು ಬರೀ ಸರಸರ. ನಡುವೆ ಒಂದು ಮೊರೆತ ಹತ್ತಿರ ಬಂದು ಇಳಿಯಿತು, ಕೂಡಲೇ ಇನ್ನೊಮ್ಮೆ ಜೋರಾಗಿ ಎದ್ದು ಅಡಗಿತು.

"ಗಾಳಿ ಮಾರಾಯ್ತಿ," ಎಂದ. ಅವಳು ಅದನ್ನೇ ಇನ್ನೊಮ್ಮೆ ಹಾಕಿ ಕೇಳಿದಳು.

ಮಾರ್ಸೆಲಿನ್ ಕರೆದಂತೆ ಮಧ್ಯಾಹ್ನ ಎಲ್ಲರೂ ಜೆಸ್ಸಿಯ ಮನೆಯಲ್ಲಿ ಸೇರಿದರು. ಇವಾನ್ ಅಶ್ಮಿತಾಳ ಮುಖ ನೋಡದೆ ಕೂತಿದ್ದ. ಜೆಸ್ಸಿ ಗೋಡೆಗೊರಗಿ, ತನ್ನ ಮನೆಯಲ್ಲೇ ಪರಕೀಯಳಂತೆ ನಿಂತಿದ್ದಳು. ಮೇಲಿನ ಸೇತುವೆಯಲ್ಲಿ ಲಾರಿ ಹೋದಾಗಲೆಲ್ಲ ಕಿಟಕಿ ನಡುಗುತ್ತಿತ್ತು.

"ಬೇಗ ಮುಗಿಸಿ ಆಂಟಿ. ಹುಡುಗಿ ತಪ್ಪು ಮಾಡಿದ್ದಾಳೆ, ಅಷ್ಟೇ," ಎಂದ ಶೋಭಿತ್.

ಮಾರ್ಸೆಲಿನ್ ಕ್ಯಾಮೆರಾದ ಚಿತ್ರ ಹಾಕಿದಳು. ಹತ್ತನೇ ನಿಮಿಷದಲ್ಲಿ ಒಂದು ಲಾರಿ ಕಿವಿ ಹರಿಯುವಂತೆ ಹಾರ್ನ್ ಬಾರಿಸಿತು. ರೆಕಾರ್ಡರಿನ ಫೈಲಿನಲ್ಲಿ ಅದೇ ಹತ್ತನೇ ನಿಮಿಷದಲ್ಲಿ ಏನೂ ಇರಲಿಲ್ಲ.

"ಲೆವೆಲ್ ಸೊನ್ನೆ ಇದ್ರೆ ಹಾರ್ನ್ ಹೇಗೆ ಬರ್ತದೆ?" ಎಂದ ಶೋಭಿತ್.

"ಸೊನ್ನೆಯಲ್ಲೂ ಜೋರು ಶಬ್ದದ ಎಳೆ ಉಳೀತದೆ. ಹಾರ್ನ್ ಕೇಳದ ಮೈಕಿಗೆ ಇದು ಹೇಗೆ ಕೇಳಿತು?" ಮಾರ್ಸೆಲಿನ್ ಫೈಲಿನ ಧ್ವನಿ ಏರಿಸಿದಳು. ಕೋಣೆಯಲ್ಲಿ ಆ ಮೊರೆತ ತುಂಬಿತು. ಇಳಿಯಿತು, ಮತ್ತೆ ಎದ್ದಿತು.

"ಇದು ವಿಮಾನ. ನೆಲ ಮುಟ್ಟಿದ ಮೇಲೆ ನಿಲ್ಲಲಿಕ್ಕಾಗಿ ಎಂಜಿನ್ ಇನ್ನೊಮ್ಮೆ ಗರ್ಜಿಸ್ತದೆ. ಆ ಎರಡನೇ ಗರ್ಜನೆ ರನ್‌ವೇ ಪಕ್ಕದವರಿಗೆ ಮಾತ್ರ ಹೀಗೆ ಕೇಳುವುದು. ನಲವತ್ತೆಂಟು ನಿಮಿಷದಲ್ಲಿ ಎರಡು ವಿಮಾನ ಇಳಿದಿದೆ, ಲಾರಿ ಒಂದೂ ಇಲ್ಲ. ಈ ಮೌನ ಕೂಳೂರಿನದ್ದಲ್ಲ, ಬಜಪೆಯದ್ದು, ವಿಮಾನ ನಿಲ್ದಾಣದ ಪಕ್ಕದ ನಿನ್ನ ಮನೆಯದ್ದು. ಶೋಭಿತ್, ನೀನು ರೆಕಾರ್ಡರಿನ ಮೆಮೊರಿ ಕಾರ್ಡ್ ಬದಲಿಸಿದೆ. ಶನಿವಾರ ಸಂಜೆಯದ್ದೇ ಅಂತ ಕಾಣಬೇಕಲ್ಲ, ಗಡಿಯಾರ ಹಿಂದೆ ತಿರುಗಿಸಿದೆ. ಲೆವೆಲ್ ಸೊನ್ನೆ ಮಾಡಿ ಕಿಟಕಿಯಲ್ಲಿಟ್ಟು ಓಡಿಸಿದೆ. ಗಡಿಯಾರವನ್ನು ವಾಪಸು ಸರಿ ಮಾಡುವಾಗ ಹನ್ನೆರಡು ನಿಮಿಷ ತಪ್ಪಿತು."

"ಇವಾನ್ ಮಾಡಿರಬಹುದಲ್ಲ?" ಎಂದ ಶೋಭಿತ್.

"ಇವಾನ್ ನಿನ್ನ ಗೇಟಲ್ಲಿ ಬೈಕಿನಿಂದ ಇಳಿಯಲೇ ಇಲ್ಲ. ಇದಕ್ಕೆ ನಲವತ್ತೆಂಟು ನಿಮಿಷ ಬೇಕು. ಸುಮ್ಮನೆ ಅಳಿಸಿದ್ರೆ ಕಳ್ಳತನ ಅಂತ ಎಲ್ಲರಿಗೂ ತಿಳೀತಿತ್ತು. ಮೌನ ಇಟ್ರೆ ತಪ್ಪು ಈ ಹುಡುಗಿಯ ತಲೆಗೆ."

ಶೋಭಿತ್ ಬಾಗಿಲ ಕಡೆ ನೋಡಿದ. "ಕಾರ್ಖಾನೆಯ ಮ್ಯಾನೇಜರ್ ಫೋನ್ ಮಾಡಿದ್ರು," ಎಂದ. "ಕಂಪೆನಿಯ ಜಾಹೀರಾತು ಚಿತ್ರಗಳೆಲ್ಲ ನನಗೇ ಅಂದ್ರು."

"ಕಾರ್ಡ್ ಎಲ್ಲಿ?" ಇವಾನ್ ಅವನ ಅಂಗಿ ಹಿಡಿದ.

"ಸೇತುವೆಯಿಂದ ಹೊಳೆಗೆ ಎಸೆದೆ."

ಲಿಗೋರಿ ಹೊಡೆಯಲು ಕೈ ಎತ್ತಿಯೇ ಬಿಟ್ಟಿದ್ದ. ಜೆಸ್ಸಿ ಅವನನ್ನು ದಾಟಿ ಮುಂದೆ ಬಂದಳು.

"ನನ್ನ ಗಂಡನನ್ನು ಅವರು ಟ್ಯಾಂಕಿಗೆ ಹಾಕಿದ್ರು. ನೀನು ನನ್ನ ಮಾತನ್ನು ಹೊಳೆಗೆ ಹಾಕಿದೆ. ನನ್ನ ಮನೆಯಲ್ಲಿ ಚಹಾ ಕುಡಿದು ಹೋದವನು!" ಅವಳು ಬಾಗಿಲು ತೋರಿಸಿದಳು. "ನಡಿ ಹೊರಗೆ."

ಅವನು ಹೋದ ಮೇಲೆ ಅವಳು ಕುರ್ಚಿ ಎಳೆದು ಕೂತಳು.

"ಮಿಷನ್ ಹಾಕು ಅಶ್ಮಿತಾ. ಮೊನ್ನೆ ಹೆದರಿ ಒಂದು ಹೆಸರು ಬಿಟ್ಟಿದ್ದೆ. ಇವತ್ತು ಹೆದರಿಕೆ ಇಲ್ಲ."

"ನಿನ್ನ ಮಾತು ನಂಬಬೇಕಿತ್ತು," ಎಂದು ಇವಾನ್ ಅಶ್ಮಿತಾಳಿಗೆ ತಗ್ಗಿದ ದನಿಯಲ್ಲಿ ಹೇಳಿದ.

"ಹೌದು, ಬೇಕಿತ್ತು. ಈಗ ಕ್ಯಾಮೆರಾ ಹಿಡಿ," ಎಂದಳು ಅವಳು, ಮೈಕ್ ಸಿಕ್ಕಿಸುತ್ತ.

ಜೆಸ್ಸಿ ಒಂದೂಕಾಲು ಗಂಟೆ ಮಾತಾಡಿದಳು.

ಬುಧವಾರ ವಿಚಾರಣೆಯ ಕೋಣೆಯಲ್ಲಿ ಅವಳ ಧ್ವನಿ ಗೋಡೆಯಿಂದ ಗೋಡೆಗೆ ಕೇಳಿಸಿತು: "ಒಳಗೆ ಗ್ಯಾಸ್ ಉಂಟು ಅಂತ ಗೊತ್ತಿದ್ದೂ ಇಳಿಸಿದ್ದು ಮ್ಯಾನೇಜರ್ ಮೋಹನದಾಸ್." ಅಧಿಕಾರಿ ಆ ಭಾಗವನ್ನು ಇನ್ನೊಮ್ಮೆ ಹಾಕಿಸಿದರು. ಮುಂದಿನ ಸಾಲಿನಲ್ಲಿದ್ದ ಮೋಹನದಾಸ್ ಎದ್ದು, ಫೋನ್ ಕಿವಿಗಿಟ್ಟುಕೊಂಡು ಬಾಗಿಲ ಕಡೆ ನಡೆದ.

ಬಾಗಿಲಿಗೆ ಅಡ್ಡವಾಗಿ ಲಿಗೋರಿ ನಿಂತಿದ್ದ. "ಕೂತ್ಕೊಳ್ಳಿ," ಎಂದ. "ಪೂರ್ತಿ ಕೇಳಿ ಹೋಗಿ."