ಕೌದಿಯ ಕೊನೆಯ ಅಂಚು

ಬಟ್ಟೆಯೊಳಗಿಂದ ದಾರ ಎಳೆಯುವ ಸಣ್ಣ ಸದ್ದಿಗೆ ಎಚ್ಚರವಾಯಿತು. ಮಲ್ಕಾಜ್‌ಗಿರಿಯ ಮನೆಯಲ್ಲಿ ಆ ರಾತ್ರಿ ನಾನು, ನನ್ನ ಮೂರು ತಿಂಗಳ ಮಗು ಇಬ್ಬರೇ. ತೀರಿಹೋದ ಅತ್ತೆಯ ಹಳೆಯ ಸೀರೆಗಳಿಂದ ಮಗುವಿಗೆ ಕೌದಿ ಹೊಲಿಯುತ್ತಿದ್ದೆ. ಒಂದು ಅಂಚಷ್ಟೇ ಉಳಿದಿತ್ತು. ಚಳಿಗೆಂದು ಅದನ್ನೇ ಹೊದಿಸಿದ್ದೆ.

“ಸಾಯುವಾಗ ಉಟ್ಟ ಸೀರಿ ಸೇರಿಸಿಲ್ಲ ಹೌದಿಲ್ರಿ? ಅದು ಹಿಡಕೊಂಡ್ರ ಬಿಡಂಗಿಲ್ಲ,” ಎಂದಿದ್ದರು ಪಕ್ಕದ ಮನೆಯ ಶೈಲಕ್ಕ. ಬಣ್ಣ ಚೆಂದವಿತ್ತೆಂದು ಅದನ್ನೂ ಸೇರಿಸಿದ್ದೆ. ಇಲ್ಲವೆಂದು ಸುಳ್ಳು ಹೇಳಿದ್ದೆ.

ದೀಪ ಹಾಕಿದೆ. ಸೂಜಿ ಡಬ್ಬಿಯಲ್ಲೇ ಇತ್ತು. ಕೌದಿ ಒದ್ದೆ ಬಟ್ಟೆಯಂತೆ ತಣ್ಣಗಿತ್ತು. ಉಳಿದಿದ್ದ ಅಂಚು ಹೊಲಿದಾಗಿತ್ತು. ಮಗುವಿನ ಅಂಗಿಯೂ ಆ ಹೊಲಿಗೆಯಲ್ಲಿ ಸೇರಿತ್ತು. ಅಂಗಿ ಹಿಡಿದಿದ್ದ ದಾರವನ್ನಷ್ಟೇ ಬ್ಲೇಡಿನಿಂದ ಕೊಯ್ದು ಮಗುವನ್ನು ಬಿಡಿಸಿಕೊಂಡೆ.

ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದ ಗಂಡ ಆ ಅಂಚನ್ನು ಸವರಿ, “ಇದು ನಮ್ಮವ್ವನ ಕೈ ಹೊಲಿಗಿ ಐತಲ್ಲ,” ಅಂದರು. ಯಾರಿಗೂ ಏನೂ ಹೇಳಬಾರದೆಂದು ನಾನು ಆಗಲೇ ನಿರ್ಧರಿಸಿದೆ.