ಶುಕ್ರವಾರದ ತಪ್ಪು

"ಏನ್ ಮಾಡೀರಿ ಇದಕ್ಕ?"

ಬ್ರಾಹ್ಮಿ ರಕ್ತನಿಧಿಯ ಗುಮಾಸ್ತ ಗುರುಪಾದನಿಗೆ ಆಡಿದ ಮೊದಲ ಮಾತೇ ಅದು. ೧೯೯೭ರ ಶ್ರಾವಣ. ಮಿರಜದ ಆಸ್ಪತ್ರೆಯ ಆ ಸಣ್ಣ ರಕ್ತನಿಧಿಗೆ ಯುನಿಕ್ಸ್ ಕಂಪ್ಯೂಟರ್ ಬಂದು ಎರಡೇ ತಿಂಗಳಾಗಿತ್ತು. ಯಾವ ಗುಂಪಿನ ರಕ್ತದಾನಿ ಎಲ್ಲಿದ್ದಾನೆ, ಫೋನ್ ನಂಬರೇನು ಎಂದು ಪಟ್ಟಿ ತೆಗೆದುಕೊಡುವ ಶೆಲ್ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಅಂದು ಕೆಟ್ಟು ಕೂತಿತ್ತು. ಅದನ್ನು ಬರೆದುಕೊಟ್ಟ ಸಾಂಗ್ಲಿಯ ಕಂಪ್ಯೂಟರ್ ಕ್ಲಾಸಿನವರು ಅವಳನ್ನು ಕಳಿಸಿದ್ದರು.

"ಏನೂ ಮಾಡಿಲ್ರಿ ಮೇಡಂ. ಕುಪವಾಡದವರಿಗೆ ಬ್ಯಾರೆ ಪಟ್ಟಿ ಬರೂಹಂಗ ನಾಕ ಸಾಲು ಸೇರಿಸಿದೆ, ಅಷ್ಟ."

ಅವಳ ಬೆರಳು ಪರದೆಯ ಮೇಲೆ ಸಾಲುಸಾಲಾಗಿ ಇಳಿಯಿತು. "ಇಫ್ ಬರದೀರಿ, ಫಿ ಬರದಿಲ್ಲ. ತಗದ ಬಾಗಲಾ ಹಾಕೂದು ಬ್ಯಾಡೇನ್ರಿ? ಅದಕ್ಕ ಸಿಂಟ್ಯಾಕ್ಸ್ ಎರರ್ ಅಂತ ಚೀರಾಕತ್ತೈತಿ."

"ಫಿ ಅಂದ್ರ?"

"ಇಫ್ ತಿರುವಿ ಬರದ್ರ ಫಿ."

ಅವನು ಅದನ್ನು ಅಂಗೈ ಮೇಲೆ ಬರೆದುಕೊಂಡ. ಅವಳು ನೋಟ್‌ಬುಕ್ಕಿನ ಮರೆಯಲ್ಲಿ ನಕ್ಕಳು. ಆ ನಗು ವಾರವಿಡೀ ಅವನ ಬೆನ್ನು ಬಿಡಲಿಲ್ಲ.

ಮುಂದಿನ ಶುಕ್ರವಾರ ಅವನೇ ಒಂದು ಫಿ ಅಳಿಸಿ ಸಾಂಗ್ಲಿಗೆ ಫೋನ್ ಮಾಡಿದ. ಅದರ ಮುಂದಿನ ವಾರ ಒಂದು ಉದ್ಧರಣ ಚಿಹ್ನೆ. ತುರ್ತು ಬಂದರೆ ತಾನೇ ಸರಿಪಡಿಸಿದರಾಯಿತು, ಎದುರಿಗೇ ಕೂತಿರುತ್ತೇನಲ್ಲ ಎಂಬ ಧೈರ್ಯ ಅವನದು. ಅವಳಿಗೆ ತಪ್ಪು ತಿದ್ದಲು ಅರೆ ನಿಮಿಷ ಸಾಕು. ಚಹಾ ಮುಗಿಸಲು ಮಾತ್ರ ಒಂದು ತಾಸು.

"ಬಾಳ ಶಾಣ್ಯಾ ತಪ್ಪು ಇದು," ಎಂದು ಓರೆಗಣ್ಣಲ್ಲಿ ನೋಡುವಳು. "ಶುಕ್ರವಾರ ಬಿಟ್ಟು ಬರೂದಿಲ್ಲ."

ಅವನ ಕಿವಿ ಕೆಂಪಾಗುತ್ತಿತ್ತು.

ಐದನೆಯ ಶುಕ್ರವಾರ ಅವನು, ಫಿಯಂತೆಯೇ ತೆರೆದ ಬಾಗಿಲು ಮುಚ್ಚುವ, ಒಂದು 'ಡನ್' ಅಳಿಸಿದ. ಆದರೆ ಅಂದು ಕಾಯುತ್ತ ಕೂರಲಾಗಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಡಬೇಕೆಂದು ಬಸ್ ಸ್ಟ್ಯಾಂಡಿಗೆ ಹೋದ. ಅವಳು ಬರುತ್ತಿದ್ದ ಸಾಂಗ್ಲಿಯ ಬಸ್ಸು ದಾರಿಯಲ್ಲಿ ಕೆಟ್ಟು ಮುಕ್ಕಾಲು ತಾಸು ತಡವಾಯಿತು.

ಅದೇ ಹೊತ್ತಿಗೆ ಸಲಗರೆ ಎಂಬ ಹಳ್ಳಿಯಿಂದ ಆಸ್ಪತ್ರೆಗೆ ಹೆರಿಗೆಗೆ ಬಂದಿದ್ದ ಹೀರಾಬಾಯಿಗೆ ರಕ್ತ ನಿಲ್ಲದೆ ಹೋಗುತ್ತಿತ್ತು. ಓ ನೆಗೆಟಿವ್ ಬೇಕಿತ್ತು. ಸಂಗ್ರಹದಲ್ಲಿ ಒಂದು ಬಾಟಲಿಯೂ ಇರಲಿಲ್ಲ.

ಇಬ್ಬರೂ ನಗುತ್ತ ಒಳಗೆ ಬಂದಾಗ ಮುದುಕ ಜವಾನ ಭರಮಣ್ಣ ಹಳೆಯ ರಿಜಿಸ್ಟರುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದ.

"ಎಲ್ಲಿ ಹೋಗಿದ್ದೆಪಾ? ಎಷ್ಟು ಒತ್ತಿದ್ರೂ ಪಟ್ಟಿ ಬರವಲ್ದು!"

ಬ್ರಾಹ್ಮಿ ನಿಂತಲ್ಲೇ ಡನ್ ಎಂದು ಟೈಪು ಮಾಡಿದಳು. ಪಟ್ಟಿ ಬಂತು. ಮೊದಲ ಹೆಸರು ಎರಡು ಓಣಿ ಆಚೆಯ ಮಾಸ್ತರರದು. ಅವರು ಓಡಿಯೇ ಬಂದರು.

ಕೂಸು ಉಳಿಯಿತು. ತಾಯಿ ಉಳಿಯಲಿಲ್ಲ.

"ಮೊದಲೇ ಸಿಕ್ಕಿದ್ರೂ ಉಳೀತಿದ್ಳೋ ಇಲ್ಲೋ," ಎಂದರು ಡಾಕ್ಟರು. ಆ 'ಇಲ್ಲೋ' ಗುರುಪಾದನನ್ನು ರಾತ್ರಿಯಿಡೀ ಮಲಗಗೊಡಲಿಲ್ಲ. ಮರುದಿನ ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದ. ಕೆಲಸ ಹೋಯಿತು.

ಹೊರಗೆ ಮೆಟ್ಟಿಲ ಮೇಲೆ ಬ್ರಾಹ್ಮಿ ನಿಂತಿದ್ದಳು.

"ನಾನೂ ಕ್ಲಾಸಿನ್ಯಾಗ ಎಲ್ಲಾ ಹೇಳಿ ಬಂದೇನಿ."

"ನೀವ್ಯಾಕ? ತಪ್ಪು ನಂದು."

"ನೀವ ಅಳಸ್ತೀರಿ ಅಂತ ಎರಡನೇ ಶುಕ್ರವಾರನ ಗೊತ್ತಾಗಿತ್ತು. ಬ್ಯಾಡ ಅನ್ನಲಿಲ್ಲ. ಇಲ್ಲಿ ಬರೂದು ನನಗೂ ಬೇಕಾಗಿತ್ತು."

ಎಷ್ಟು ದಿನ ಕಾದಿದ್ದ ಮಾತು! ಕೇಳಿದವನು ಮೆಟ್ಟಿಲ ಮೇಲೆ ಕೂತ.

"ಬ್ರಾಹ್ಮಿ, ನಿನ್ನೆ ಸ್ಟ್ಯಾಂಡಿಗೆ ಬಂದಿದ್ದು..."

"ಹೇಳಬ್ಯಾಡ್ರಿ. ಹೇಳಿದ್ರ ಹೂಂ ಅಂತೀನಿ. ಆಮ್ಯಾಲ ನಾವು ನಕ್ಕಾಗೊಮ್ಮೆ ಆ ಕೂಸು ಅತ್ತಂಗ ಕೇಳತೈತಿ."

ಅವನು ಎದ್ದ. "ಸಲಗರೆಗೆ ಹೋಗ್ತೀನಿ. ಆಕಿ ಮನಿಯವರಿಗೆ ನಾನ ಹೇಳಬೇಕು."

ಅವಳ ಕಣ್ಣು ತುಂಬಿತು. ಸ್ಟ್ಯಾಂಡಿನ ತನಕ ಜೊತೆಗೆ ನಡೆದಳು, ಅವನ ಮುಂಗೈ ಹಿಡಿದುಕೊಂಡು, ನೋಡುವವರ ಪರಿವೆಯಿಲ್ಲದೆ.

ಅವಳ ಸಾಂಗ್ಲಿ ಬಸ್ಸಿಗಿಂತ ಸಲಗರೆಯ ಬಸ್ಸೇ ಮೊದಲು ಬಂತು; ಅವಳು ಅವನ ಮುಂಗೈ ಬಿಟ್ಟಳು.