ನಲವತ್ತೆಂಟು ನಿಮಿಷದ ದಾರಿ

ಮಾರ್ಚ್ ಕೊನೆಯ ವಾರ, ಬೆಟ್ಟಗಳ ನಡುವಿನ ಕಝಾರ್ಮನ್ ಊರಿನಲ್ಲಿ ಕುರಿಗಳು ಮರಿ ಹಾಕುವ ಕಾಲ. ಇನ್‌ಸ್ಪೆಕ್ಟರ್ ಝಪರಲಿ ನಸುಕಿನಲ್ಲೇ ಎರಡು ಮರಿಗಳ ಮೈ ಒರೆಸಿ, ತೋಳಿಗಂಟಿದ ಹುಲ್ಲು ಕೊಡವಿಕೊಳ್ಳುತ್ತ ಠಾಣೆಗೆ ಬಂದಿದ್ದ. ಮಂಗಳವಾರ, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುದುಕ ತೊಕ್ತೊರ್‌ಬಾಯ್ ದೂರು ತಂದ.

ಅವನ ಸೊಸೆ ಹೆರಿಗೆಗೆಂದು ಓಶ್ ಪಟ್ಟಣದ ಆಸ್ಪತ್ರೆ ಸೇರಿದ್ದಳು. ಹಿಂದಿನ ಎರಡು ಕೂಸು ದಕ್ಕಿರಲಿಲ್ಲ. ಈ ಸಲ ಸಿಹಿಸುದ್ದಿ ಮೊದಲು ತಂದವರಿಗೆ ಕೆಂಪು ಕುದುರೆಮರಿ ಕೊಡುತ್ತೇನೆಂದು ಮುದುಕ ಊರಿಗೆಲ್ಲ ಸಾರಿದ್ದ. ಹತ್ತು ಗಂಟೆಗೆ ಅದೇ ಊರಿನ ಮುಕಾಶ್ "ಸುಯುಂಚು, ಸುಯುಂಚು" ಎಂದು ಸಿಹಿಸುದ್ದಿಯ ಇನಾಮು ಕೇಳಿ ಕೂಗುತ್ತ ಬಂದು, ಗಂಡುಮಗು, ವಿಮಾನದವನೇ ಹೇಳಿದ ಎಂದು ಮರಿಯನ್ನು ಹಿಡಿದುಕೊಂಡು ಹೋದ. ತಾಯಿ ಹೇಗಿದ್ದಾಳೆಂದು ಅವನೇಕೆ ಹೇಳಲಿಲ್ಲ ಎಂದು ಮುದುಕನ ಹೆಂಡತಿ ಆಮೇಲೆ ಕೇಳಿದಳಂತೆ.

"ಕುದ್ರೆ ಹಾಳಾಗ್ಲಿ ಸಾಹೇಬ್ರೆ. ಕೂಸು ಹುಟ್ಟೈತೋ ಇಲ್ವೋ, ಅದನ್ನ ಪತ್ತೆ ಮಾಡಿ. ಹುಟ್ಟೋಕ್ ಮುಂಚೆ ಸಾರಿದ್ರೆ ದೃಷ್ಟಿ ತಾಗ್ತದೆ."

ದೂರು ದಾಖಲಿಸಿ ಝಪರಲಿ ಕಾನ್‌ಸ್ಟೇಬಲ್ ಎಸೆನ್‌ನೊಂದಿಗೆ ವಿಮಾನ ಇಳಿಯುವ ಬಯಲಿಗೆ ನಡೆದ. ಕಣಿವೆಯ ರಸ್ತೆ ಮೇ ತನಕ ಹಿಮದಡಿ. ಟೆಲಿಫೋನ್ ತಂತಿ ಭಾನುವಾರದ ಹಿಮಕುಸಿತಕ್ಕೆ ಹರಿದಿತ್ತು. ಸುದ್ದಿ ಬರುವುದಿದ್ದರೆ ವಾರಕ್ಕೊಮ್ಮೆಯ ಆ ಪುಟ್ಟ ವಿಮಾನದಲ್ಲೇ ಬರಬೇಕು. ಓಶ್‌ನಿಂದ ಹಕ್ಕಿ ಹಾರುವ ದಾರಿಯಲ್ಲಿ ನೂರ ನಲವತ್ತು ಕಿಲೋಮೀಟರ್, ನಲವತ್ತೆಂಟು ನಿಮಿಷ. ಬಯಲಿನ ರಿಜಿಸ್ಟರಿನಲ್ಲಿ ಹೀಗಿತ್ತು: ಓಶ್ ಬಿಟ್ಟದ್ದು ೯.೫೦, ಇಳಿದದ್ದು ೧೦.೩೮. ಓಶ್‌ನಲ್ಲಿ ಮಂಜು ಕವಿದು ಒಂದು ಗಂಟೆ ತಡ.

"ಹತ್ತಕ್ಕೆ ವಿಮಾನ ಇನ್ನೂ ಬೆಟ್ಟದಾಚೆ ಇತ್ತಲ್ಲ ಸಾರ್," ಎಂದ ಎಸೆನ್.

ಪೈಲಟ್ ಒಮುರ್ಝಾಕ್ ರೆಕ್ಕೆಯ ನೆರಳಲ್ಲಿ ಚಹಾ ಕುಡಿಯುತ್ತಿದ್ದ. ಜೇಬಿನಲ್ಲಿ ದಾದಿ ಬರೆದುಕೊಟ್ಟ ಚೀಟಿ: ಎಂಟು ಇಪ್ಪತ್ತಕ್ಕೆ ಹೆಣ್ಣುಮಗು, ಮೂರೂವರೆ ಕಿಲೋ, ತಾಯಿ ಮಗು ಇಬ್ಬರೂ ಕ್ಷೇಮ. ಝಪರಲಿ ಅದನ್ನು ಎರಡು ಸಲ ಓದಿದ.

"ಗಾಳಿ ಏಳೋದ್ರೊಳಗೆ ನಾನು ಹಾರ್ಬೇಕು. ನೀವೇ ಮುಟ್ಟಿಸಿಬಿಡಿ," ಎಂದ ಪೈಲಟ್. "ಕುದ್ರೆ ಸಿಕ್ಕಿದ್ರೆ ಅರ್ಧ ನಂದು. ತಲೆ ಕಡೆಯ ಅರ್ಧ."

ಹನ್ನೆರಡು ಹದಿನೈದಕ್ಕೆ ಮುಕಾಶ್‌ನ ಕೊಟ್ಟಿಗೆಯಲ್ಲಿ ಪಂಚನಾಮೆ. ಕೆಂಪು ಮರಿ ಒಂದು, ಕೊರಳಲ್ಲಿ ಹೊಸದಾಗಿ ಕಟ್ಟಿದ ನೀಲಿ ಮಣಿ. ಅವನು ಅದರ ಜೂಲು ಬಾಚುತ್ತಿದ್ದ.

"ವಿಮಾನ ಇಳಿದದ್ದು ನೋಡಿದ್ಯಾ, ಮುಕಾಶಣ್ಣ?"

"ಮಂಗಳವಾರ ಅಲ್ವಾ. ಒಂಬತ್ತೂವರೆಗೇ ಬಂದಿರ್ತದೆ ಅಂದ್ಕೊಂಡೆ."

"ಕೂಸು?"

"ಹುಟ್ಟಿರ್ತದೆ ಅಂದ್ಕೊಂಡೆ."

ಎಸೆನ್ ಗೋಡೆಯ ಕಡೆ ತಿರುಗಿ ಕೆಮ್ಮಿದ. ದಸ್ತಗಿರಿ ೧೨.೨೫ ಎಂದು ಝಪರಲಿ ಬರೆದುಕೊಂಡ.

ಮರಿಯ ಹಗ್ಗವನ್ನು ಎಸೆನ್‌ಗೆ ಕೊಟ್ಟು ಮುದುಕನ ಮನೆಯತ್ತ ನಡೆಯುವಾಗ ಮುಕಾಶ್ ತಾನಾಗಿಯೇ ಬಾಯಿಬಿಟ್ಟ. ಅವನದು ಮೆತ್ತನೆಯ ದನಿ. ಅದಕ್ಕೇ ಇಪ್ಪತ್ತೆರಡು ವರ್ಷಗಳಿಂದ ಊರಿನ ಸಾವಿನ ಸುದ್ದಿ ಮುಟ್ಟಿಸಲು ಅವನನ್ನೇ ಕಳಿಸುತ್ತಿದ್ದರು.

"ನಾನು ಅಂಗಳಕ್ಕೆ ಕಾಲಿಟ್ರೆ ಹೆಂಗಸ್ರು ಎದೆ ಹಿಡ್ಕೋತಾರೆ. ಒಂದೇ ಒಂದ್ಸಲ, ನನ್ನ ಕಂಡು ಯಾರಾದ್ರೂ ನಗಬೇಕಿತ್ತು."

ಝಪರಲಿ ಜೇಬಿನಿಂದ ಚೀಟಿ ತೆಗೆದ. ಪದ್ಧತಿಯಂತೆ ಈ ಸುದ್ದಿಯೂ ಮರಿಯೂ ಈಗ ಅದನ್ನು ತಂದ ಝಪರಲಿಯವು. ಬಾಗಿಲ ಬಳಿ ನಿಂತು ಚೀಟಿಯನ್ನು ಮುಕಾಶ್‌ನ ಕೈಗಿಟ್ಟ.

"ಇದು ನಿಜದ್ದು. ಹೋಗಿ ಹೇಳಣ್ಣ."

ಪೊಲೀಸರ ಜೊತೆ ಮುಕಾಶ್‌ನನ್ನು ಕಂಡು ಮುದುಕಿ ಎದೆ ಹಿಡಿದುಕೊಂಡೇ ಹೊರಬಂದಳು. ಅವನು ಚೀಟಿಯನ್ನು ಓದತೊಡಗಿದ. ಹೆಣ್ಣುಮಗು, ಮೂರೂವರೆ ಕಿಲೋ, ಇಬ್ಬರೂ ಕ್ಷೇಮ ಎನ್ನುವಷ್ಟರಲ್ಲಿ ದನಿ ಒಡೆಯಿತು. ಮುದುಕಿ ಕೈಯಲ್ಲಿದ್ದ ಸೌಟಿನಿಂದ ಅವನ ಬೆನ್ನಿಗೆ ಎರಡು ಬಿಟ್ಟು, ನಗುತ್ತ ಅವನ ತಲೆ ಹಿಡಿದು ಹಣೆಗೆ ಮುತ್ತಿಟ್ಟಳು.

"ಸುಳ್ಳಿಗೆ ಕೊಟ್ಟದ್ದು ವಾಪಸ್," ಎಂದು ತೊಕ್ತೊರ್‌ಬಾಯ್ ಎಸೆನ್‌ನ ಕೈಯಿಂದ ಮರಿಯ ಹಗ್ಗ ತೆಗೆದುಕೊಂಡ. ಒಂದು ಗಳಿಗೆ ಹಿಡಿದು ನಿಂತು, ಮುಕಾಶ್‌ನತ್ತ ಚಾಚಿದ. "ಇದು ನಿಜಕ್ಕೆ. ಹಿಡಿ."

ವರದಿಯಲ್ಲಿ ಝಪರಲಿ ಬರೆದ: ದೂರು ಹಿಂದಕ್ಕೆ ಪಡೆಯಲಾಗಿದೆ. ಆರೋಪಿಯ ಬಿಡುಗಡೆ. ಸ್ವತ್ತು ೧೨.೫೦ಕ್ಕೆ ಮಾಲೀಕನ ವಶಕ್ಕೆ, ೧೨.೫೧ಕ್ಕೆ ಪುನಃ ಆರೋಪಿಯ ವಶಕ್ಕೆ.

ಪೈಲಟ್ ಕೇಳಿದ್ದ ತಲೆ ಕಡೆಯ ಅರ್ಧ ಮಾತ್ರ ಇವತ್ತಿಗೂ ಬಾಕಿ.